ಗಾಳಿಯ ಸೇವೆ

ನಾನು ಬಂದದ್ದು ಒಡೆಯಲಿಕ್ಕೆ.
ಕರಾರಿನಲ್ಲಿ ಹಾಗೆಂದು ಬರೆದಿರಲಿಲ್ಲ, ಅಲ್ಲಿದ್ದ ಶಬ್ದ 'ಪರಿವರ್ತನೆ'.
ಹದಿನಾಲ್ಕು ತಿಂಗಳು, ದಿನಗೂಲಿ ಯೂರೋಗಳಲ್ಲಿ.
ತ್ರಿಯೆಸ್ತೆಯ ಕಡಲಿಗೆ ಮುಖಮಾಡಿದ ವಿಮಾ ಕಚೇರಿ,
ಮೂರನೆಯ ಮಹಡಿ, ಕಿಟಕಿಗೆ ಎರಡೆರಡು ಚಿಲಕ.

ಒಳಗೆ ಒಂದೇ ಒಂದು ಪ್ರೋಗ್ರಾಮು:
ಇಪ್ಪತ್ತೆಂಟು ಲಕ್ಷ ಸಾಲು, ಒಂದೇ ಒಲೆ.
ಕಂತು ಕಟ್ಟಿಸಿಕೊಳ್ಳುವಲ್ಲಿ ನೆಗಡಿಯಾದರೆ
ಪಾಲಿಸಿ ಮುದ್ರಿಸುವಲ್ಲಿ ಸೀನು.
ವರ್ಷಕ್ಕೆ ನಾಲ್ಕು ಬಿಡುಗಡೆ, ನಾಲ್ಕೂ ಶನಿವಾರ ರಾತ್ರಿ.
ಜಾಗರಣೆಗೆ ಕೂತ ಹನ್ನೊಂದು ಮಂದಿ, ತಣ್ಣಗಾದ ಪಿಜ್ಜಾ.
ಬೆಳಗಿನ ಐದಕ್ಕೆ ನೀವೆಸ್ ಕೊಸ್ಸುತ್ತಾ
ಕನ್ನಡಕ ಹಣೆಗೇರಿಸಿ 'ಬದುಕಿದೆ' ಅಂದ ಮೇಲೇ
ಯಾರಾದರೂ ಕೋಟಿಗೆ ಕೈ ಹಾಕಬೇಕು.

ಅಳೆದೆವು, ಗೆರೆ ಎಳೆದೆವು, ಪಾಲು ಮಾಡಿದೆವು.
ಕಂತಿಗೊಂದು ಡಬ್ಬ, ಕ್ಲೇಮಿಗೊಂದು,
ವಿಳಾಸಕ್ಕೆ, ಸಹಿಗೆ, ಅಂಚೆಗೆ.
ಡಬ್ಬಕ್ಕೆ ಡಬ್ಬ ಮಾತಾಡಬೇಕಾದರೆ ಚೀಟಿ ಕಳಿಸಬೇಕು;
ಉತ್ತರ ಬಾರದಿದ್ದರೆ ಮೂರು ಸಲ ಕೇಳಿ ಸುಮ್ಮನಾಗಬೇಕು.
'ಮದುವೆಗೂ ಈ ನಿಯಮ ಇದ್ದಿದ್ದರೆ' ಎಂದ ಯಾಡ್ರಾನ್,
ಆ ವಾರವಷ್ಟೇ ವಕೀಲರ ಮೆಟ್ಟಿಲಿಳಿದು ಬಂದವನು.
ಒಂದು ಸತ್ತರೆ ಅಳುವವರಿಲ್ಲ.
ಅದೇ ಅಚ್ಚಿನಿಂದ ಇನ್ನೊಂದು, ಮೂರು ಸೆಕೆಂಡಿನಲ್ಲಿ,
ಹಿಂದಿನ ಜನ್ಮದ ನೆನಪಿಲ್ಲದೆ.

ಕೋಡ್ ಬರೆಯುವವರಿಗೂ ಸರ್ವರ್ ಕಾಯುವವರಿಗೂ ನಡುವೆ
ಒಂದು ಗಾಜಿನ ಗೋಡೆಯಿತ್ತು. ಅದನ್ನೂ ಕಳಚಿಸಿದರು.
ಎಷ್ಟೋ ದಿನ ಎರಡೂ ಕಡೆಯವರು
ಇಲ್ಲದ ಗೋಡೆಯನ್ನು ಸುತ್ತಿಕೊಂಡೇ ಬರುತ್ತಿದ್ದರು.

ಕಡೆಗೆ ಉಳಿದದ್ದು
ಯಾವ ಡಬ್ಬಕ್ಕೂ ಒಗ್ಗದ ನಲವತ್ತೊಂದು ಸಾಲು.
ಪಾಲಿಸಿ ರದ್ದಾಗುವ ದಿನಾಂಕವನ್ನು ಅವು
ಕೆಲವೊಮ್ಮೆ ಮುಂದಕ್ಕೆ ತಳ್ಳುತ್ತಿದ್ದವು. ಎರಡು ದಿನ, ಒಮ್ಮೆ ಐದು.
ಯಾಕೆಂದು ಎಲ್ಲೂ ಬರೆದಿಲ್ಲ.
ವೇರಿಯಬಲ್ಲಿನ ಹೆಸರು ಬರೀ 'ಬಿ'.
ಬಂದರಿನಿಂದ ದಿನಾ ಬರುವ ಕಡತದಲ್ಲಿ ಒಂದು ಅಂಕಿ ನೋಡು,
ಎಂಬತ್ತು ದಾಟಿದ್ದರೆ ತಳ್ಳು.

ಕಿತ್ತುಹಾಕಿ ಎಂದರು ಮುಖ್ಯಸ್ಥ ವಾಸ್ಕೊತ್ತೊ.
ಗಾಳಿ ಬಂದಾಗ ತೂರಿಕೊಳ್ಳಬೇಕು, ಬಜೆಟ್ಟು ಮಾರ್ಚಿಗೆ ಮುಗಿಯುತ್ತದೆ.

ಹಾಳೆ ಹಿಡಿದು ನೀವೆಸ್ ಬಳಿ ಹೋದೆ.
ತಾನೇ ಬರೆದ ಹಳೆಯ ಕಾಗದದಂತೆ ಓದಿದಳು.
'ಬಿ ಅಂದರೆ ಬೋರಾ. ನಮ್ಮ ಗಾಳಿ.
ಆಗ ಕಂತು ಕಟ್ಟಲಿಕ್ಕೆ ಕೌಂಟರಿಗೇ ಬರಬೇಕಿತ್ತು.
ಸಾನ್ ಜಾಕೊಮೊ ದಿಣ್ಣೆಯಿಂದ ಒಬ್ಬಳು ಮುದುಕಿ
ಬೀದಿಗೆ ಕಟ್ಟಿದ ಹಗ್ಗ ಹಿಡಿದು ಇಳಿದಳು.
ತಲುಪಿದಾಗ ನಾಲ್ಕೂಹತ್ತು. ನಾಲ್ಕಕ್ಕೆ ಮುಚ್ಚುತ್ತೇವೆ.
ಮಧ್ಯರಾತ್ರಿ ಪಾಲಿಸಿ ಹೋಯಿತು, ಇಪ್ಪತ್ತೆರಡು ವರ್ಷದ್ದು.
ಮುಂದಿನ ಬಿಡುಗಡೆಗೆ ಇದನ್ನು ಸೇರಿಸಿದೆ.
ಯಾರನ್ನೂ ಕೇಳಲಿಲ್ಲ.'

ಈಗ ಎಲ್ಲರೂ ಫೋನಿನಲ್ಲೇ ಕಟ್ಟುತ್ತಾರಲ್ಲ, ಎಂದೆ.
'ಎಲ್ಲರೂ' ಅಂದಳು, ನನ್ನ ಶಬ್ದವನ್ನೇ ಹಿಂತಿರುಗಿಸಿ.
ಹುಡುಕಿದೆ: ಆರುನೂರ ಹನ್ನೆರಡು ಜನ ಇನ್ನೂ
ಕೌಂಟರಿನವರು.

ಅದಕ್ಕೂ ಒಂದು ಡಬ್ಬ ಆಯಿತು, ಎಲ್ಲಕ್ಕಿಂತ ಚಿಕ್ಕದು.
ಹೊಸ ನಿಯಮದ ಪ್ರಕಾರ
ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಬೇಕು.
ಅವಳು ಬರೆದಳು. ನಾನು ಗುಂಡಿ ಒತ್ತಿದೆ.
ಮಂಗಳವಾರ, ಮಧ್ಯಾಹ್ನ ಮೂರು ಗಂಟೆ,
ಆ ದಿನದ ಹದಿನೇಳನೆಯ ಬಿಡುಗಡೆ;
ಯಾರೂ ತಲೆಯೆತ್ತಲಿಲ್ಲ.

ಜನವರಿಯಲ್ಲಿ ಒಂದು ಸಂಜೆ ಚಿಲಕಗಳು ಕಟಕಟಿಸಿದವು.
ಪರದೆಯ ಮೂಲೆಯಲ್ಲಿ, ವಾರಗಟ್ಟಲೆ ಮಲಗಿದ್ದ
ಹಸಿರು ಗೆರೆಯೊಂದು ಎದ್ದು ಕೂತಿತು.
ನೂರ ಹನ್ನೆರಡು, ಎಂದಿತು.
ಆರುನೂರ ಚಿಲ್ಲರೆ ದಿನಾಂಕಗಳು ಒಂದು ಹೆಜ್ಜೆ ಸರಿದವು.

ಬಸ್ಸಿರಲಿಲ್ಲ. ನೀವೆಸ್ ಮತ್ತು ನಾನು ಒಟ್ಟಿಗೆ ಇಳಿದೆವು.
ಮೂಲೆ ತಿರುಗುವಾಗ ಅವಳ ಕೈ
ಗೋಡೆಯುದ್ದಕ್ಕೂ ಏನನ್ನೋ ತಡಕಿತು.
ಹಗ್ಗಗಳನ್ನು ಎಂದೋ ತೆಗೆದಿದ್ದಾರೆ.
ನನ್ನ ಲ್ಯಾಪ್‌ಟಾಪ್ ಚೀಲದ ಪಟ್ಟಿ ಹಿಡಿದುಕೊಂಡಳು.